ಪಟ್ಟಿಯ ನಾಡಿನಿಂದ ಹಟ್ಟಿಯ ಕ್ಯಾಂಪಿಗೆ

ಚಿನ್ನದ ಗಣಿಯಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದು ಬಂದವರೆಂದು ತಿಳಿದ ಕೂಡಲೆ ಕೇಳುವವರ ದೃಷ್ಟಿ ಮೊದಲು ನಮ್ಮ ಬೆರಳುಗಳ ಮೇಲೆ, ಅನಂತರ ಕೊರಳಿನ ಮೇಲೆ ಬೀಳುತ್ತದೆ. ಅಲ್ಲಿ ವಿಶೇಷವಾದುದೇನೂ ಕಾಣದಿದ್ದಾಗ ಅವರ ಮುಖದಲ್ಲಿ ಮೂಡುವ ನಿರಾಸೆಯನ್ನು ನೋಡಿ ನೋಡಿ ನಮಗೆ ಅಭ್ಯಾಸವಾಗಿದೆ. ನಿಜ ಸಂಗತಿಯನ್ನು ಹೇಳಿದರೆ ಅವರು ನಗುತ್ತಾರೆ. 1978ರಲ್ಲಿ ಉತ್ತಮಪಾಳಯದಿಂದ ಹೊರಡುವಾಗ ದಾರಿಯ ವೆಚ್ಚಕ್ಕೂ ಮೊದಲ ತಿಂಗಳಿನ ಅಕ್ಕಿ ಬೇಳೆಗೂ ಹಣವಿಲ್ಲದೆ, ಮದುವೆಯಲ್ಲಿ ಬಂದ ಎರಡೆಳೆಯ ಸರವನ್ನು ಅಡವಿಟ್ಟಿದ್ದೆವು. ಚಿನ್ನವನ್ನು ಒತ್ತೆಯಿಟ್ಟು ಚಿನ್ನವನ್ನು ಅಗೆಯಲು ಹೋದವರು ನಾವು. ಆ ಸರವನ್ನು ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು.

ಇಲ್ಲಿ ‘ನಾವು’ ಎಂದು ಬರೆಯುತ್ತಿರುವುದು ಗೌರವಕ್ಕಾಗಿ ಅಲ್ಲ. ಗಂಡ ಹೆಂಡಿರಲ್ಲಿ ಭೂಮಿಯ ಕೆಳಗೆ ಇಳಿಯುತ್ತಿದ್ದವರು ಒಬ್ಬರೇ ನಿಜ. ಆದರೆ ಅವರು ಇಳಿದ ಕ್ಷಣದಿಂದ ಹತ್ತಿ ಬರುವವರೆಗೆ ಮೇಲೆ ಇದ್ದವರಿಗೂ ಅದು ಪಾಳಿಯೇ. ಗಣಿಯ ಸಂಸಾರದಲ್ಲಿ ಒಬ್ಬರ ದುಡಿಮೆ, ಇನ್ನೊಬ್ಬರ ಕಾಯುವಿಕೆ ಎಂದು ಬೇರೆ ಬೇರೆ ಲೆಕ್ಕ ಬರೆಯಲಾಗದು. ಆದುದರಿಂದ ಈ ಲೇಖನವನ್ನು ಇಬ್ಬರೂ ಕೂತು ಬರೆದಿದ್ದೇವೆ. ಎಲ್ಲಿ ಯಾರ ಮಾತು ಎಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ನಾವು ಹೋದುದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ. ಕೋಲಾರದ ಗಣಿಯಲ್ಲಿ ಕೆಲಸ ಕಲಿತಿದ್ದ ಸಂಬಂಧಿಕರೊಬ್ಬರು, ‘ಅಲ್ಲಿ ಆಳ ಹೆಚ್ಚಾಯಿತು, ಅದಿರು ಕಡಿಮೆಯಾಯಿತು, ಮುಂದಿನ ಕಾಲ ಹಟ್ಟಿಯದು’ ಎಂದು ಬರೆದಿದ್ದರು. ಅವರ ಮಾತು ಸುಳ್ಳಾಗಲಿಲ್ಲ. ಮೂರು ಕಿಲೋಮೀಟರಿಗೂ ಮಿಕ್ಕಿ ಕೆಳಗೆ ಹೋಗಿದ್ದ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಹಟ್ಟಿ ಇಂದಿಗೂ ನಡೆಯುತ್ತಿದೆ. ಆಗ ನಮ್ಮ ಊರು ಮದುರೆ ಜಿಲ್ಲೆಗೆ ಸೇರಿತ್ತು. ತೇನಿ ಜಿಲ್ಲೆ ಹುಟ್ಟಿದುದು ತೊಂಬತ್ತರ ದಶಕದಲ್ಲಿ. ಉತ್ತಮಪಾಳಯದಿಂದ ಬಸ್ಸಿನಲ್ಲಿ ಮದುರೆ, ಅಲ್ಲಿಂದ ರಾತ್ರಿಯ ಗಾಡಿಯಲ್ಲಿ ಮದರಾಸು, ಮದರಾಸಿನಿಂದ ಮುಂಬಯಿಯ ಗಾಡಿ ಹಿಡಿದು ಗುಂತಕಲ್ಲು ದಾಟಿ ರಾಯಚೂರು, ಮತ್ತೆ ಬಸ್ಸು. ಎರಡು ವರ್ಷದ ಮಗಳನ್ನು ಮಡಿಲಲ್ಲಿಟ್ಟುಕೊಂಡು ಮೂರನೆಯ ದಿನ ಇಳಿದಾಗ ಕಂಡುದು ಕೆಂಪು ಕಪ್ಪು ಮಣ್ಣಿನ ಬಯಲು, ಬೇವಿನ ಮರಗಳು, ಆಕಾಶಕ್ಕೆ ಚಾಚಿದ ಗಣಿಯ ಉಕ್ಕಿನ ಗೋಪುರ, ಅದರ ಹಿಂದೆ ಬೂದುಬಣ್ಣದ ಗುಡ್ಡ. ಅದು ಗುಡ್ಡವಲ್ಲ, ಚಿನ್ನ ತೆಗೆದು ಎಸೆದ ಕಲ್ಲಿನ ಹುಡಿಯ ರಾಶಿ ಎಂದು ತಿಳಿದುದು ಮರುದಿನ. ಎರಡು ಬೆಳೆ ಭತ್ತ, ಬಾಳೆ, ತೆಂಗು, ದ್ರಾಕ್ಷಿಯ ಚಪ್ಪರಗಳ ನಡುವೆ ಹುಟ್ಟಿ ಬೆಳೆದ ನಮಗೆ ಆ ಬಯಲಿನಲ್ಲಿ ಕಣ್ಣಿಡಲು ಜಾಗವಿರಲಿಲ್ಲ.

ಊರಿನ ಹೆಸರು ಮಾತ್ರ ಮೊದಲ ದಿನವೇ ಒಂದಿಷ್ಟು ಸಮಾಧಾನ ಕೊಟ್ಟಿತು. ನಮ್ಮ ಕಡೆ ಎಲ್ಲವೂ ಪಟ್ಟಿಗಳು: ಆಂಡಿಪಟ್ಟಿ, ಉಸಿಲಂಪಟ್ಟಿ, ಇನ್ನೂ ನೂರು ಪಟ್ಟಿ. ದನ ಕಟ್ಟುವ ಜಾಗ, ಅದರ ಸುತ್ತ ಬೆಳೆದ ಹಳ್ಳಿ ಎಂಬುದು ಆ ಶಬ್ದದ ಅರ್ಥ. ತಮಿಳಿನ ‘ಪ’ಕಾರ ಕನ್ನಡದಲ್ಲಿ ‘ಹ’ಕಾರವಾಗುವುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು, ಬೀದಿಯಲ್ಲಿ ‘ಪಾಲು’ ಕೊಂಡು ಮನೆಯಲ್ಲಿ ‘ಹಾಲು’ ಕುಡಿಯುವವರಲ್ಲವೇ ನಾವು! ಪಟ್ಟಿಯಿಂದ ಹೊರಟವರು ಹಟ್ಟಿಗೆ ಬಂದಿದ್ದೇವೆ, ಒಂದಕ್ಷರ ಬದಲಾಗಿದೆ ಅಷ್ಟೆ ಎಂದು ಹೇಳಿಕೊಂಡೆವು. ಆದರೆ ಆ ಒಂದಕ್ಷರವನ್ನು ದಾಟಲು ನಮಗೆ ವರ್ಷಗಳೇ ಬೇಕಾದವು.

ಕ್ಯಾಂಪಿನ ದಿನ ಭೋಂಗಾದಿಂದ ಹುಟ್ಟುತ್ತದೆ. ದಿನಕ್ಕೆ ಮೂರು ಪಾಳಿ. ಪ್ರತಿ ಪಾಳಿಗೂ ಕೂಗು. ಸಾಲುಮನೆಗಳಲ್ಲಿ ಗಡಿಯಾರವಿದ್ದವರೂ ಭೋಂಗಾವನ್ನೇ ನಂಬುತ್ತಿದ್ದರು. ಹಸುಳೆಗೆ ಹಾಲು ಕುಡಿಸುವುದು, ಹಿಟ್ಟು ನಾದುವುದು, ಮಕ್ಕಳನ್ನು ಶಾಲೆಗೆ ಎಬ್ಬಿಸುವುದು ಎಲ್ಲವೂ ಅದರ ಲೆಕ್ಕದಲ್ಲಿ. ರಾತ್ರಿಪಾಳಿಯವರು ಹಗಲು ಮಲಗುವುದರಿಂದ ಯಾವ ಬೀದಿಯಲ್ಲೂ ಮಕ್ಕಳು ಬೇಕಾದ ಹಾಗೆ ಕೂಗಾಡುವಂತಿಲ್ಲ. ಹಟ್ಟಿಯ ಮಕ್ಕಳು ಪಿಸುಮಾತಿನಲ್ಲಿ ಜಗಳವಾಡುವುದನ್ನು ಬಲ್ಲವರು.

ಕೆಳಗೆ ಇಳಿಯುವವರು ದೀಪದ ಕೋಣೆಯಲ್ಲಿ ಬಿಲ್ಲೆ ಕೊಟ್ಟು ತಲೆದೀಪವನ್ನು ಪಡೆಯಬೇಕು. ದೀಪ ಹಿಂದಿರುಗಿದರೆ ಬಿಲ್ಲೆ ಹಿಂದಿರುಗುತ್ತದೆ. ಯಾರು ಕೆಳಗಿದ್ದಾರೆ, ಯಾರು ಮೇಲೆ ಬಂದಿದ್ದಾರೆ ಎಂಬುದನ್ನು ಆ ಬಿಲ್ಲೆಗಳೇ ಹೇಳುತ್ತವೆ. ಅನಂತರ ಕೇಜು. ಕಬ್ಬಿಣದ ಆ ತೊಟ್ಟಿಲಿನಲ್ಲಿ ಹೆಗಲಿಗೆ ಹೆಗಲು ಹತ್ತಿ ನಿಂತು ಇಳಿಯುವಾಗ ಮೊದಲು ಕಿವಿ ಕಟ್ಟುತ್ತದೆ. ಬೆಳಕಿನ ಚೌಕ ನೆತ್ತಿಯ ಮೇಲೆ ಕಿರಿದಾಗಿ ನಾಣ್ಯದಷ್ಟಾಗಿ ಇಲ್ಲವಾಗುತ್ತದೆ. ಮೊದಲ ದಿನ ಉತ್ತಮಪಾಳಯದ ಕಾಳಹಸ್ತೀಶ್ವರನ ಹೆಸರು ಬಾಯಿಗೆ ಬಂದಿತು. ಪಕ್ಕದಲ್ಲಿದ್ದವರು ಗುರುಗುಂಟದ ಅಮರೇಶ್ವರನನ್ನು ನೆನೆದರು, ಇನ್ನೊಬ್ಬರು ಅಲ್ಲಾನನ್ನು. ಅಲ್ಲಿ ಯಾರೂ ಯಾರ ದೇವರನ್ನೂ ಪ್ರಶ್ನಿಸುವುದಿಲ್ಲ.

ಕೆಳಗಿನ ಕೆಲಸವನ್ನು ವಿವರವಾಗಿ ಹೇಳಬೇಕೆಂದು ಅನೇಕರು ಕೇಳಿದ್ದಾರೆ. ಪಾಳಿಯ ಕೊನೆಯಲ್ಲಿ ಸಿಡಿಮದ್ದು ಹಾರಿಸಿ ಮೇಲೆ ಬಂದಿರುತ್ತಾರೆ; ಹೊಗೆ ತಿಳಿಯಾಗಲು ಸಮಯ ಬೇಕಲ್ಲವೇ? ಮುಂದಿನ ಪಾಳಿಯವರು ಹೋದೊಡನೆ ಡ್ರಿಲ್ಲಿಗೆ ಕೈಹಾಕುವುದಿಲ್ಲ. ಉದ್ದನೆಯ ಹಾರೆಯಿಂದ ತಲೆಯ ಮೇಲಣ ಬಂಡೆಯನ್ನು ತಟ್ಟಿ ತಟ್ಟಿ ಕೇಳಬೇಕು. ಗಟ್ಟಿ ಬಂಡೆ ಗಂಟೆಯಂತೆ ದನಿಗೊಡುತ್ತದೆ. ಬಿರುಕು ಬಿಟ್ಟ ಬಂಡೆ ಒಡಕು ಮಡಕೆಯಂತೆ ಮಂದವಾಗಿ ಉತ್ತರಿಸುತ್ತದೆ. ಕಂಬಂ ಸಂತೆಯಲ್ಲಿ ನಮ್ಮ ತಾಯಂದಿರು ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೊಳ್ಳುತ್ತಿದ್ದರಲ್ಲ, ಅದೇ ವಿದ್ಯೆ. ವ್ಯತ್ಯಾಸವೆಂದರೆ ಇಲ್ಲಿ ಮಡಕೆಯ ಒಳಗೆ ನಾವೇ ಇರುತ್ತೇವೆ. ಮಂದವಾಗಿ ದನಿಗೊಟ್ಟುದನ್ನು ಮೊದಲೇ ಕೆಡವಿ ಹಾಕಿ ಅನಂತರ ಕೆಲಸ. ಡ್ರಿಲ್ಲಿನ ಸರಳಿನ ಒಳಗಿಂದ ನೀರು ಹರಿಯುತ್ತಿರಬೇಕು. ಇಲ್ಲವಾದರೆ ಬೆಣಚುಕಲ್ಲಿನ ನವುರಾದ ಹುಡಿ ಶ್ವಾಸಕೋಶಕ್ಕೆ ಸೇರಿ ಅಲ್ಲಿಯೇ ಉಳಿಯುತ್ತದೆ. ಧೂಳಿನ ಆ ಕಾಯಿಲೆಗೆ ಮದ್ದಿಲ್ಲ. ಹಳೆಯ ಗಣಿಗಾರರು ಕೆಮ್ಮಿದರೆ ಹೊಸಬರು ಸುಮ್ಮನಾಗುತ್ತಿದ್ದುದು ಅದಕ್ಕೇ.

ಇನ್ನು ಚಿನ್ನ. ಅಷ್ಟು ವರ್ಷದಲ್ಲಿ ಅದು ಕಲ್ಲಿನಲ್ಲಿ ಹೊಳೆದುದನ್ನು ಕಂಡುದು ಬೆರಳೆಣಿಕೆಯಷ್ಟು ಸಲ. ಒಂದು ಟನ್ನು ಕಲ್ಲಿನಲ್ಲಿ ದೊರೆಯುವುದು ಕೆಲವೇ ಗ್ರಾಂ. ಕಲ್ಲನ್ನು ಒಡೆದು, ಬಾಲ್ ಮಿಲ್ಲಿನಲ್ಲಿ ನಯವಾಗಿ ಅರೆದು, ಸಯನೈಡಿನ ನೀರಿನಲ್ಲಿ ಚಿನ್ನವನ್ನು ಕರಗಿಸಿ, ಮತ್ತೆ ಅದನ್ನು ಬೇರ್ಪಡಿಸಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ಒಂದು ಜೊತೆ ಓಲೆಯ ಹಿಂದೆ ಒಂದೆರಡು ಟನ್ನು ಬಂಡೆ ಇದೆಯೆಂದು ಅಡವಂಗಡಿಯವರಿಗೆ ಗೊತ್ತಿರುವುದಿಲ್ಲ.

ಕಲ್ಲು ಕೊರೆಯುವುದು ನಮ್ಮ ಕಣಿವೆಗೆ ಹೊಸತೇನೂ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಇಂದು ಗೂಡಲೂರಿನಿಂದ ಕೆಳಗೆ ನಮ್ಮ ಗದ್ದೆಗಳಿಗೆ ಬರುವ ಮುಲ್ಲೈ ಪೆರಿಯಾರಿನ ನೀರು ತೆಕ್ಕಡಿಯ ಬೆಟ್ಟವನ್ನು ಸುಮಾರು 5700 ಅಡಿ ಕೊರೆದ ಸುರಂಗದ ಮೂಲಕವೇ ಬರುತ್ತದೆ. ಪೆನ್ನಿಕ್ವಿಕ್ಕರ ಮೇಲ್ವಿಚಾರಣೆಯಲ್ಲಿ 1887ರಿಂದ 1895ರವರೆಗೆ ನಡೆದ ಆ ಕೆಲಸದಲ್ಲಿ, ಕಾಡಿನ ಕ್ಯಾಂಪುಗಳಲ್ಲಿ, ಮಲೇರಿಯಾ ಮತ್ತಿತರ ಜ್ವರಗಳಿಂದ ನೂರಾರು ಜನ ಸತ್ತರು. ಅವರು ಕೊರೆದ ಸುರಂಗದ ನೀರಿನಿಂದ ಬೆಳೆದ ಅನ್ನವನ್ನು ಉಂಡವರೇ ಮತ್ತೆ ಇನ್ನೊಂದು ಬಂಡೆಯನ್ನು ಕೊರೆಯಲು ಬಡಗಣಕ್ಕೆ ಹೋದೆವು. ಪೆನ್ನಿಕ್ವಿಕ್ಕರ ಚಿತ್ರ ನಮ್ಮ ಕಣಿವೆಯ ಅನೇಕ ಮನೆಗಳಲ್ಲಿದೆ. 2013ರಲ್ಲಿ ಲೋಯರ್ ಕ್ಯಾಂಪಿನಲ್ಲಿ ಸ್ಮಾರಕವೂ ಆಯಿತು. ಕಲ್ಲು ಹೊತ್ತವರ ಹೆಸರುಗಳನ್ನು ಹೇಳಬಲ್ಲವರನ್ನು ನಾವು ಕಂಡಿಲ್ಲ.

ಹಟ್ಟಿಯಲ್ಲಿಯೂ ಹಾಗೆಯೇ. ಈಗಿನ ಕಂಪೆನಿ ನಿಜಾಮರ ಕಾಲದ ಕೊನೆಯಲ್ಲಿ, 1947ರಲ್ಲಿ, ಹೈದರಾಬಾದಿನ ಹೆಸರಿನಿಂದ ಹುಟ್ಟಿ, 1956ರಲ್ಲಿ ಹಟ್ಟಿಯ ಹೆಸರನ್ನು ಪಡೆಯಿತು. ಅದಕ್ಕೆ ಮೊದಲೇ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಒಮ್ಮೆ ತೆರೆದು, 1920ರ ಹೊತ್ತಿಗೆ ಗಣಿ ನಿಂತಿತ್ತು. ಆದರೆ ಆ ದೊರೆಗಳಿಗೂ ಮುಂಚೆ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಯಾರೋ ಅದೇ ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರಚಿ ಸೀಳಿ, 640 ಅಡಿಯ ಆಳದವರೆಗೆ ಇಳಿದಿದ್ದರು. ಯಂತ್ರವಿಲ್ಲ, ಗಾಳಿಯ ಕೊಳವೆಯಿಲ್ಲ, ತಲೆದೀಪವಿಲ್ಲ. ಅವರ ಹಳೆಯ ಪೊಳ್ಳುಗಳ ಮಾತು ಬಂದಾಗಲೆಲ್ಲ ಕೆಳಗಿದ್ದವರ ದನಿ ತಾನಾಗಿ ತಗ್ಗುತ್ತಿತ್ತು. ಅದೇ ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನವಿದೆ; 1915ರಲ್ಲಿ ಅದನ್ನು ಪತ್ತೆಮಾಡಿದವರು ಬೀಡನ್ ಎಂಬ ಗಣಿ ಎಂಜಿನಿಯರು. ಚಿನ್ನ ಹುಡುಕಲು ಹೋದವರ ಕೈಗೆ ಚಕ್ರವರ್ತಿಯ ಹೆಸರು ಸಿಕ್ಕಿತು.

ಮೇಲಿನ ಪಾಳಿಯ ವಿಷಯ. ಬೇಸಗೆಯಲ್ಲಿ ಅಲ್ಲಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಸುರುಳಿ ಜಲಪಾತದ ತಂಪಿನಲ್ಲಿ ಮಿಂದವರಿಗೆ ಅದು ಒಲೆಯೊಳಗಿನ ವಾಸ. ನೀರು ಬರುವ ಹೊತ್ತಿಗೆ ಕೊಡಗಳ ಸಾಲು. ಆ ಸಾಲಿನಲ್ಲಿಯೇ ನಮ್ಮ ಸ್ನೇಹಗಳೆಲ್ಲ ಹುಟ್ಟಿದವು. ಜೋಳದ ರೊಟ್ಟಿಯನ್ನು ತಟ್ಟಲು ಕಲಿಸಿದವರು ನೆರೆಮನೆಯ ಅಕ್ಕ. ಬಿಸಿನೀರಿನಲ್ಲಿ ಹಿಟ್ಟು ನಾದದಿದ್ದರೆ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ. ನಾದಿದರೂ ಅನ್ನ ಬೇಯಿಸುವ ಕೈಗೆ ಅದು ಸುಲಭವಾಗಿ ಒಲಿಯುವುದಿಲ್ಲ. ಮೊದಲ ವರ್ಷ ನಮ್ಮ ರೊಟ್ಟಿಗಳು ಭಾರತದ ನಕ್ಷೆಯಂತಿರುತ್ತಿದ್ದವು. ಕ್ರಮೇಣ ಪುಂಡಿಪಲ್ಲೆ, ಶೇಂಗಾಹಿಂಡಿ, ಬದನೆಯ ಎಣ್ಣೆಗಾಯಿ ನಮ್ಮ ಅಡಿಗೆಯೇ ಆದವು. ಪ್ರತಿಯಾಗಿ ನಾವು ಇಡ್ಲಿಯ ಹಿಟ್ಟನ್ನು ಬೀದಿಗೆಲ್ಲ ಹಂಚಿದೆವು. ಮುದ್ಗಲ್ಲಿನ ಮೊಹರಂ ನೋಡಲು ಹಿಂದೂ ಮುಸಲ್ಮಾನರೆನ್ನದೆ ಒಂದೇ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದೆವು. ಆದರೆ ಎಲ್ಲ ಮಾತಿನ ನಡುವೆಯೂ ಕಿವಿ ಗಣಿಯ ಕಡೆಗೇ ಇರುತ್ತಿತ್ತು. ಪಾಳಿ ಬಿಟ್ಟ ಭೋಂಗಾ ಆದ ಮೇಲೆ ಗಂಡಸರು ಮನೆಗೆ ಬರಲು ಇಂತಿಷ್ಟು ಹೊತ್ತು ಎಂಬ ಲೆಕ್ಕವಿತ್ತು. ಅದಕ್ಕಿಂತ ಸ್ವಲ್ಪ ತಡವಾದರೆ ಯಾರೂ ಏನೂ ಹೇಳುತ್ತಿರಲಿಲ್ಲ. ಒಬ್ಬೊಬ್ಬರಾಗಿ ಹೊಸ್ತಿಲಿಗೆ ಬಂದು ಅಕ್ಕಿ ಆರಿಸುವ ನೆಪದಲ್ಲಿ ಕೂಡುತ್ತಿದ್ದರು. ದಾರಿಯ ತಿರುವಿನಲ್ಲಿ ಮೊದಲ ಟೋಪಿ ಕಂಡೊಡನೆ ಎಲ್ಲರೂ ಎದ್ದು ಒಳಗೆ ಹೋಗುವರು, ಕಾದಿದ್ದೇ ಸುಳ್ಳೆಂಬಂತೆ.

ಮಾತಿನ ಸಂಗತಿ ಒಂದು ಕಥೆ. ನಾವು ಮನೆಯಲ್ಲಿ ಆಡುವುದು ಕನ್ನಡವೆಂದು ಹೇಳಿದರೆ ಆರಂಭದಲ್ಲಿ ಅಲ್ಲಿಯವರು ನಂಬಲಿಲ್ಲ. ಊರು ತಮಿಳುನಾಡು, ಓದು ತಮಿಳು, ಸಹಿ ತಮಿಳು, ಕನ್ನಡದ ಒಂದಕ್ಷರ ಬಾರದು, ಇವರೆಂಥ ಕನ್ನಡಿಗರು? ನಮಗೂ ಅವರ ‘ಹೌದ್ರೀ, ಬರ್ರಿ, ಎದಕ್ರೀ’ ಅರ್ಥವಾಗಲು ಕೆಲವು ತಿಂಗಳು ಬೇಕಾಯಿತು. ಒಂದು ಸಂಜೆ ಬೀದಿಯ ಆಕಳೊಂದು ನೆರೆಮನೆಯ ಅಂಗಳಕ್ಕೆ ನುಗ್ಗಿ ಹರವಿದ್ದ ಜೋಳಕ್ಕೆ ಬಾಯಿ ಹಾಕಿತು. ನಾವು, ‘ಅಕ್ಕಾ, ಆವು ಬಂತು, ಆವು!’ ಎಂದು ಕೂಗಿದೆವು. ಅಕ್ಕ ಕೋಲು ಹಿಡಿದು, ಮಕ್ಕಳನ್ನು ಕಟ್ಟೆಯ ಮೇಲೆ ಹತ್ತಿಸಿ, ‘ಎಲ್ಲೈತ್ರೀ? ಎಷ್ಟುದ್ದ ಐತ್ರೀ?’ ಎಂದು ನೆಲವನ್ನೆಲ್ಲ ಹುಡುಕಿದರು. ಆ ಹೊತ್ತಿಗೆ ಆಕಳು ಅರ್ಧ ಜೋಳ ಮುಗಿಸಿತ್ತು. ನಮ್ಮ ‘ಆವು’ ಅವರ ಕಿವಿಗೆ ‘ಹಾವು’ ಆಗಿತ್ತು! ವಾರವೆಲ್ಲ ಕ್ಯಾಂಪು ನಕ್ಕಿತು.

ಆ ನಗೆಯನ್ನು ಕೇಳಿ ಬಂದ ಶಾಲೆಯ ಮಾಸ್ತರರು ಮಾತ್ರ ನಗಲಿಲ್ಲ. ‘ಈ ಶಬ್ದ ನಾವು ಹಳಗನ್ನಡದ ಕಾವ್ಯದಾಗ ಓದೇವ್ರೀ. ಬಾಯಾಗ ಇರೋದನ್ನ ಇವತ್ತೇ ಕೇಳಿದ್ದು’ ಎಂದರು. ಕಂಬಂನ ನಂದಗೋಪಾಲಸ್ವಾಮಿಯ ಗುಡಿಯಲ್ಲಿ ನಮ್ಮ ಒಕ್ಕಲಿಗರು ಕಾಪಾಡಿಕೊಂಡು ಬಂದಿರುವ ದೇವರ ದನಗಳ ಹಿಂಡಿನ ವಿಷಯವನ್ನು ಅವರಿಗೆ ಹೇಳಿದೆವು. ಸುತ್ತಲಿನವರು ಅದನ್ನು ‘ತಂಬಿರಾನ್ ಮಾಡು’ ಎನ್ನುತ್ತಾರೆ. ನಮ್ಮವರ ಬಾಯಲ್ಲಿ ಅದು ‘ದೇವರ ಆವು’. 1906ರ ಮದುರೆ ಗ್ಯಾಸೆಟಿಯರಿನಲ್ಲಿ ಫ್ರಾನ್ಸಿಸ್ ಎಂಬ ಅಧಿಕಾರಿ ಎರಡು ಹೆಸರನ್ನೂ ಬರೆದಿಟ್ಟಿದ್ದಾನೆ. ಮಾಸ್ತರರು ಮರುದಿನದಿಂದಲೇ ಪಾಳಿಯಿಲ್ಲದ ಸಂಜೆಗಳಲ್ಲಿ ನಮ್ಮಿಬ್ಬರಿಗೂ ಅಕ್ಷರ ಕಲಿಸತೊಡಗಿದರು. ತಮಿಳಿನಲ್ಲಿ ಒಂದೇ ಕಕಾರದಿಂದ ಮುಗಿಸುವ ಕೆಲಸಕ್ಕೆ ಇಲ್ಲಿ ನಾಲ್ಕು ಅಕ್ಷರ! ಮಗಳು ಒಂದನೆಯ ತರಗತಿಗೆ ಸೇರಿದಾಗ ನಾವು ಒತ್ತಕ್ಷರದಲ್ಲಿ ಎಡವುತ್ತಿದ್ದೆವು. ಎರಡನೆಯ ತರಗತಿಯಲ್ಲಿ ಅವಳೇ ನಮ್ಮನ್ನು ತಿದ್ದಿದಳು. ತಿಳಿದ ಮಟ್ಟಿಗೆ ನಮ್ಮ ವಂಶದಲ್ಲಿ ಮನೆಮಾತನ್ನು ಬರೆದ ಮೊದಲಿಗಳು ಅವಳು.

ಊರಿನಿಂದ ಪತ್ರ ಬರಲು ಐದಾರು ದಿನ ಹಿಡಿಯುತ್ತಿತ್ತು. ತಾಯಿಗೆ ಓದು ಬರಹವಿರಲಿಲ್ಲ. ಅವರು ಕನ್ನಡದಲ್ಲಿ ಹೇಳುವರು, ಎದುರುಮನೆಯ ಹುಡುಗ ಕೇಳಿ ತಮಿಳಿನಲ್ಲಿ ಬರೆಯುವನು. ಇಲ್ಲಿ ನಾವು ತಮಿಳನ್ನು ಓದುತ್ತ ಮನಸ್ಸಿನಲ್ಲಿಯೇ ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಅವರ ದನಿಯನ್ನು ಕೇಳಿಸಿಕೊಳ್ಳುವೆವು. ‘ಮಾಡು ಕನ್ನು ಪೋಟ್ಟದು’ ಎಂದು ಹುಡುಗ ಬರೆದರೆ, ‘ಆವು ಕರು ಹಾಕಿತು’ ಎಂದು ತಾಯಿ ಹೇಳಿದುದು ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಎರಡು ಸಲ ಗಡಿ ದಾಟಿ ಬರುತ್ತಿದ್ದ ಮಾತು ಅದು.

ಮಗಳು ಅಕ್ಷರ ಕಲಿತ ಮೇಲೆ ಅಜ್ಜಿಗೆ ತಾನೇ ಕನ್ನಡದಲ್ಲಿ ಬರೆಯತೊಡಗಿದಳು. ಹೇಳಿದೆವು, ‘ಅಲ್ಲಿ ಓದುವವರಿಲ್ಲವಮ್ಮ’ ಎಂದು. ‘ಅಜ್ಜಿ ಕನ್ನಡ ಮಾತಾಡ್ತಾಳಲ್ಲ, ಮತ್ಯಾಕ ತಿಳಿಯೂದಿಲ್ಲ?’ ಎಂದು ಅವಳ ವಾದ. ಅದಕ್ಕೆ ಉತ್ತರ ಕೊಡುವುದು ಕಷ್ಟ. ನಮ್ಮ ಪತ್ರದೊಡನೆ ಅವಳ ಕಾಗದವನ್ನೂ ಸೇರಿಸಿ ಕಳುಹಿಸುತ್ತಿದ್ದೆವು. ಎರಡು ವರ್ಷಕ್ಕೊಮ್ಮೆ ಪೊಂಗಲಿಗೆ ಊರಿಗೆ ಹೋದಾಗ ಅಜ್ಜಿ ತಗಡಿನ ಪೆಟ್ಟಿಗೆಯಿಂದ ಆ ಕಾಗದಗಳನ್ನು ತೆಗೆದು ಮೊಮ್ಮಗಳ ಮುಂದಿಡುವರು. ಅವಳು ಒಂದೊಂದಾಗಿ ಓದುವಳು. ಎರಡು ವರ್ಷ ಹಳೆಯ ಸುದ್ದಿ, ಬಿದ್ದ ಹಲ್ಲು, ಸತ್ತ ಬೆಕ್ಕು, ಅಜ್ಜಿಗೆ ಎಲ್ಲವೂ ಅಂದಿನದೇ.

1991ರ ಶ್ರಾವಣದಲ್ಲಿ ತಂತಿ ಬಂದಿತು. ಎಷ್ಟು ಅವಸರಪಟ್ಟರೂ ಆ ದೂರ ಕಿರಿದಾಗಲಿಲ್ಲ. ಮೂರನೆಯ ದಿನ ತಲುಪಿದಾಗ ಚಿತೆಯ ಬೂದಿಯನ್ನು ಆರಿಸುತ್ತಿದ್ದರು. ಹೆಂಗಸರ ಅಳುವಿನ ಹಾಡು ತಮಿಳಿನಲ್ಲಿತ್ತು. ನಡುನಡುವೆ ಸತ್ತವರನ್ನು ಕೂಗಿ ಕರೆಯುವ ಮಾತು ಮಾತ್ರ ಕನ್ನಡ. ಪೆಟ್ಟಿಗೆಯಲ್ಲಿ ಕಳೆದ ಭೇಟಿಯ ಅನಂತರ ಬಂದ ಒಂಬತ್ತು ಕಾಗದಗಳಿದ್ದವು. ಓದಬಲ್ಲವರು ಯಾರೂ ಆ ಮನೆಗೆ ಬಂದಿರಲಿಲ್ಲ. ಆದರೂ ಮಡಿಕೆಗಳು ಸವೆದು ಕೆಲವೆಡೆ ಹರಿಯುವಷ್ಟಾಗಿದ್ದವು. ಬಿಡಿಸಿ ಬಿಡಿಸಿ ನೋಡಿದ್ದಾರೆ. ಹದಿನೈದು ವರ್ಷದ ಮಗಳು ಅವನ್ನು ಯಾರಿಗೂ ಕೊಡದೆ ತಾನೇ ಇಟ್ಟುಕೊಂಡಳು. ಈಗಲೂ ಅವಳಲ್ಲಿವೆ.

ಅದೇ ರಾತ್ರಿ ಬಂಧುಗಳು, ‘ಇನ್ನು ಸಾಕು, ಬಂದುಬಿಡಿ, ಮನೆ ಗದ್ದೆ ನೋಡುವವರಿಲ್ಲ’ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಹಟ್ಟಿಗೆ ಹಿಂದಿರುಗುವ ಗಾಡಿಯಲ್ಲಿ ಇಬ್ಬರೂ ಅದನ್ನೇ ಚರ್ಚಿಸಿದೆವು. ಬಂದರೆ ಮಗಳು ಹತ್ತನೆಯ ತರಗತಿಯನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಉಳಿದರೆ ಆ ಮನೆಯಲ್ಲಿ ದೀಪ ಹಚ್ಚುವವರು ಯಾರು? ಉಳಿಯುವುದೆಂದಾಯಿತು. ಗದ್ದೆಯನ್ನು ಗುತ್ತಿಗೆಗೆ ಕೊಟ್ಟೆವು. ಆ ನಿರ್ಧಾರ ಸರಿಯೆಂದೇ ಇಂದಿಗೂ ನಮ್ಮ ಅಭಿಪ್ರಾಯ. ಅದರ ಬೆಲೆ ಕಡಿಮೆಯೆಂದು ಮಾತ್ರ ಹೇಳಲಾರೆವು.

ಮಗಳು ಓದಿ ಶಿಕ್ಷಕಿಯಾಗಿ ಲಿಂಗಸುಗೂರಿನ ಕಡೆಯೇ ಮದುವೆಯಾದಳು. 2002ರಲ್ಲಿ ಕೊನೆಯ ಪಾಳಿ ಮುಗಿಸಿ ದೀಪವನ್ನು ಒಪ್ಪಿಸಿ ನಾವಿಬ್ಬರೇ ಊರಿಗೆ ಬಂದೆವು. ಬಂದ ಮೇಲೆ ಗೊತ್ತಾಯಿತು, ನಮ್ಮ ನಾಲಗೆ ಹಟ್ಟಿಯದಾಗಿದೆ ಎಂದು. ಹೆಜ್ಜೆಗೊಂದು ‘ರೀ’ ಸೇರಿಸುವ ನಮ್ಮನ್ನು ಬೀದಿಯ ಮಕ್ಕಳು ‘ವಡನಾಟ್ಟಾರ್’ ಎಂದು ಕರೆದರು, ಬಡಗನಾಡಿನವರು ಎಂದರ್ಥ. ಅಲ್ಲಿ ಇಪ್ಪತ್ತನಾಲ್ಕು ವರ್ಷ ‘ತಮಿಳುನಾಡಿನವರು’ ಆಗಿದ್ದೆವು. ಹೆಸರಿಡುವುದರಲ್ಲಿ ಎರಡೂ ಕಡೆಯವರು ಉದಾರಿಗಳು.

ನಮ್ಮ ಬೀದಿಯ ಮನೆಗಳಲ್ಲಿ ಇಂದಿಗೂ ಕನ್ನಡ ಆಡುತ್ತಾರೆ, ಓದಬಲ್ಲವರು ನಾವಿಬ್ಬರೇ. ಈ ಮಾಸಪತ್ರಿಕೆ ಬಂದ ಭಾನುವಾರ ಮಧ್ಯಾಹ್ನ ಐದಾರು ಹೆಂಗಸರು, ಒಬ್ಬಿಬ್ಬರು ಮುದುಕರು ಜಗಲಿಗೆ ಬರುತ್ತಾರೆ. ಕಥೆಯನ್ನು ಓದುತ್ತೇವೆ, ಅಡಿಗೆಯ ಪುಟವನ್ನು ತಪ್ಪದೆ ಓದುತ್ತೇವೆ. ಗ್ರಂಥಭಾಷೆಯ ಶಬ್ದ ಬಂದಾಗ ಅರ್ಥ ಹೇಳಬೇಕು; ಕೆಲವೊಮ್ಮೆ ಅವರೇ ನಮಗೆ ಹೇಳುತ್ತಾರೆ. ಅವರಲ್ಲಿ ಒಬ್ಬ ದೊಡ್ಡಮ್ಮ, ವಯಸ್ಸು ಎಪ್ಪತ್ತು ದಾಟಿದೆ, ಕಳೆದ ಮಳೆಗಾಲದಿಂದ ಅಕ್ಷರ ಕಲಿಯುತ್ತಿದ್ದಾರೆ. ಈಗ ಕಾಗುಣಿತದಲ್ಲಿದ್ದಾರೆ. ‘ತಮಿಳಿನ ಕಾ ಸಾಕಾಗಿತ್ತಲ್ಲ, ಇಷ್ಟೊಂದು ಏಕೆ?’ ಎಂದು ದಿನವೂ ಒಮ್ಮೆ ಬಯ್ಯುತ್ತಾರೆ, ಮರುದಿನ ಹಲಗೆ ಬಳಪ ಹಿಡಿದು ಬರುತ್ತಾರೆ.

ಕಳೆದ ತಿಂಗಳು ಹಟ್ಟಿಯ ಅಕ್ಕನಿಂದ ಫೋನು ಬಂದಿತ್ತು. ಮಳೆ ಹೇಗೆ, ನಿಮ್ಮ ಕಾಲುವೆಗೆ ನೀರು ಬಿಟ್ಟರೇ, ಆವು ಹೇಗಿದೆ ಎಂದು ವಿಚಾರಿಸಿದರು. ‘ಆವು’ ಎನ್ನುವಾಗ ಅವರಿಗೆ ಇಂದಿಗೂ ನಗು. ಮೊದಲ ಬೆಳೆಗೆ ನೀರು ಬಂದಿದೆ, ನಾಟಿ ನಡೆಯುತ್ತಿದೆ, ಆವಿಗೆ ಹೆಣ್ಣುಕರು ಹುಟ್ಟಿದೆ ಎಂದೆವು. ಜೋಳದ ಹಿಟ್ಟು ಕಳುಹಿಸಲೇ ಎಂದು ಕೇಳಿದರು. ಇಲ್ಲಿಯ ಅಂಗಡಿಯ ಹಿಟ್ಟಿನಲ್ಲಿ ರೊಟ್ಟಿ ಅಂಚಿಗೆ ಹರಿಯುತ್ತದೆ. ಐದು ಕಿಲೋ ಕಳುಹಿಸಿ ಎಂದೆವು.